ಸ್ಲಿಟ್ಟಿಂಗ್ ಸಾ ಬ್ಲೇಡಿನಿಂದ ಉಕ್ಕು ಸೀಳುವಾಗ: ರನ್‌ಔಟಿನ ಲೆಕ್ಕ

ತುಮಕೂರಿನ ನಮ್ಮ ಮನೆಯ ಹಿತ್ತಲಿನ ಶೆಡ್ಡಿನಲ್ಲಿ, ತಿಪಟೂರಿನ ಕಡೆಯ ಬಂಧುವೊಬ್ಬರ ಪವರ್ ಟಿಲ್ಲರಿಗೆಂದು ಮೈಲ್ಡ್ ಸ್ಟೀಲಿನ ಸ್ಪ್ಲಿಟ್ ಕಾಲರ್ (ದಂಡವನ್ನು ಬಿಗಿದು ಹಿಡಿಯುವ, ಸೀಳಿರುವ ಉಂಗುರ) ಒಂದನ್ನು ಮಿಲ್ಲಿಂಗ್ ಯಂತ್ರದಲ್ಲಿ ಸ್ಲಿಟ್ಟಿಂಗ್ ಸಾ ಬ್ಲೇಡಿನಿಂದ, ಅಂದರೆ ಅಂಚಿನಲ್ಲಿ ಹಲ್ಲುಗಳಿರುವ ತೆಳ್ಳಗಿನ ದುಂಡು ಗರಗಸದಿಂದ, ಸೀಳಲು ಹೋಗಿ ಒಂದೇ ವಾರದಲ್ಲಿ ಎರಡು ಬ್ಲೇಡುಗಳನ್ನು ಮುರಿದುಕೊಂಡೆ. ಉಕ್ಕೇ ಗಟ್ಟಿಯಿರಬೇಕೆಂದು ಮೊದಲು ದೂರಿದ್ದೆ. ಡಯಲ್ ಗೇಜ್ (ಸೂಕ್ಷ್ಮ ಅಲುಗಾಟವನ್ನು ಮುಳ್ಳಿನಿಂದ ತೋರಿಸುವ ಅಳತೆ ಸಾಧನ) ಹಿಡಿದು ನೋಡಿದಾಗ, ಬ್ಲೇಡನ್ನು ಹೊತ್ತು ತಿರುಗಿಸುವ ಆರ್ಬರ್ ಎಂಬ ದಂಡದಲ್ಲೂ, ಕಾಲರನ್ನು ವೈಸಿಗೆ ಕಚ್ಚಿಸಿದ ರೀತಿಯಲ್ಲೂ ತಪ್ಪಿದ್ದುದು ಗೊತ್ತಾಯಿತು.

ವೇಗದ ಲೆಕ್ಕ ಸುಲಭ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬ್ಲೇಡಿಗೆ ಮೈಲ್ಡ್ ಸ್ಟೀಲಿನಲ್ಲಿ ನಿಮಿಷಕ್ಕೆ 20 ಮೀಟರ್ ಅಂಚಿನ ವೇಗವನ್ನು ಇಟ್ಟುಕೊಂಡರೆ, 80 ಮಿ.ಮೀ. ವ್ಯಾಸದ ಬ್ಲೇಡು ನಿಮಿಷಕ್ಕೆ ಸುಮಾರು 80 ಸುತ್ತು ತಿರುಗಬೇಕು. ಯಂತ್ರದ ಕನಿಷ್ಠ ವೇಗವೇ 100 ಸುತ್ತಾಗಿದ್ದರೆ 63 ಮಿ.ಮೀ. ಬ್ಲೇಡನ್ನು ಆರಿಸಿಕೊಳ್ಳುವುದು ಮೇಲು.

ಪೇಚೆಲ್ಲ ಫೀಡಿನಲ್ಲಿ, ಅಂದರೆ ಕೆಲಸವನ್ನು ಬ್ಲೇಡಿನತ್ತ ಸರಿಸುವ ವೇಗದಲ್ಲಿದೆ. 80 ಮಿ.ಮೀ. ಬ್ಲೇಡಿಗೆ 40 ಹಲ್ಲುಗಳಿದ್ದು, ಒಂದೊಂದು ಹಲ್ಲೂ 0.01 ಮಿ.ಮೀ. ಕೊರೆಯಲಿ ಎಂದುಕೊಂಡರೆ ನಿಮಿಷಕ್ಕೆ 32 ಮಿ.ಮೀ. ಮುಂದೆ ಸರಿಯಬೇಕು, 2 ಮಿ.ಮೀ. ಪಿಚ್ಚಿನ ಸ್ಕ್ರೂ ಇರುವ ಟೇಬಲ್ಲಿನಲ್ಲಿ ಇದು ಹ್ಯಾಂಡಲನ್ನು 4 ಸೆಕೆಂಡಿಗೊಮ್ಮೆ ಒಂದು ಸುತ್ತು ತಿರುಗಿಸಿದಂತೆ. ಆದರೆ ರನ್‌ಔಟ್ ಇದ್ದರೆ, ಅಂದರೆ ಬ್ಲೇಡು ಕೇಂದ್ರದಿಂದ ಸರಿದು ತಿರುಗುತ್ತಿದ್ದರೆ, ಈ ಲೆಕ್ಕ ಕೆಡುತ್ತದೆ. ಡಯಲ್ ಗೇಜಿನ ಮುಳ್ಳು ಒಟ್ಟು 0.1 ಮಿ.ಮೀ. ಅಲುಗಿದರೂ, ಅಂದರೆ ಕೇಂದ್ರ 0.05 ಮಿ.ಮೀ. ಸರಿದಿದ್ದರೂ, ಸುತ್ತಿನ ಒಂದು ಪಾಲಿನಲ್ಲಿ ಹಲ್ಲಿಗೆ ಸಿಗುವ ಪದರ 0.018 ಮಿ.ಮೀ. ಆಗುತ್ತದೆ, ಎದುರಿನ ಪಾಲಿನಲ್ಲಿ 0.002ಕ್ಕೆ ಇಳಿಯುತ್ತದೆ. ಅಲುಗಾಟ 0.2 ಮಿ.ಮೀ. ಮುಟ್ಟಿದರೆ ಕೆಲವು ಹಲ್ಲುಗಳು ಉಕ್ಕನ್ನು ಮುಟ್ಟುವುದೇ ಇಲ್ಲ, ಅವುಗಳ ಪಾಲನ್ನೂ ಉಳಿದವು ಹೊರಬೇಕಾಗುತ್ತದೆ. 'ಟಕ್... ಟಕ್...' ಎಂದು ಸುತ್ತಿಗೊಮ್ಮೆ ಕೇಳಿಬರುವ ಸದ್ದು ಇದೇ. ಹೆದರಿ ಫೀಡನ್ನು ತೀರ ನಿಧಾನಿಸಿದರೆ ಕೊರೆಯುವ ಹಲ್ಲುಗಳ ಸಂಖ್ಯೆ ಇನ್ನೂ ಕಡಿಮೆಯಾಗುತ್ತದೆ; ಕೆಲವು ಹಲ್ಲುಗಳು ಕೊರೆಯದೆ ಬರಿದೇ ಉಜ್ಜಿ ಮೊಂಡಾಗುತ್ತವೆ. ನನ್ನ ಮೊದಲ ಬ್ಲೇಡು ಮೊಂಡಾಗಿ ಮುರಿದದ್ದು ಹೀಗೆಯೇ.

ಬ್ಲೇಡಿನ ಪಕ್ಕದ ತೂಗಾಟಕ್ಕೆ ಎಷ್ಟೋ ಸಲ ಕೊಳೆಯೇ ಕಾರಣ. 35 ಮಿ.ಮೀ. ಫ್ಲೇಂಜಿನ (ಬ್ಲೇಡನ್ನು ಪಕ್ಕದಿಂದ ಒತ್ತಿ ಹಿಡಿಯುವ ಬಿಲ್ಲೆಯ) ಅಂಚಿನಡಿ 0.02 ಮಿ.ಮೀ. ದಪ್ಪದ ಪುಡಿಯೊಂದು ಸಿಕ್ಕಿಕೊಂಡರೆ, ಬ್ಲೇಡಿನ ಅಂಚಿನಲ್ಲಿ ಅದು ಎರಡು ಪಟ್ಟಿಗೂ ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ನಟ್ ಬಿಗಿಯುವ ಮೊದಲು ಬ್ಲೇಡಿನ ಎರಡು ಮುಖಗಳನ್ನೂ ಫ್ಲೇಂಜುಗಳನ್ನೂ ಒರೆಸಿ, ಬೆರಳಿನಿಂದ ಸವರಿ ನೋಡುತ್ತೇನೆ. ಕೆಲಸಕ್ಕೆ ಸಾಲುವಷ್ಟು ದಪ್ಪದ ಬ್ಲೇಡನ್ನೇ ಹಾಕಬೇಕು. ತೆಳ್ಳಗಿನದು ಬೇಗ ಬಾಗುತ್ತದೆ. ಆಳವಾದ ಸೀಳಿಗೆ ದೂರದೂರ ಹಲ್ಲುಗಳಿರುವುದು ಬೇಕು, ಇಲ್ಲವಾದರೆ ಹಲ್ಲುಗಳ ನಡುವೆ ಚೂರು ತುಂಬಿ ಬಿಗಿಯುತ್ತದೆ. ಮನೆಯ ಯಂತ್ರಗಳ ಸ್ಕ್ರೂಗಳಲ್ಲಿ ಸಡಿಲ ಇದ್ದೇ ಇರುವುದರಿಂದ ಬ್ಲೇಡು ತಿರುಗುವ ದಿಕ್ಕಿಗೆ ಎದುರಾಗಿಯೇ ಕೆಲಸವನ್ನು ಸರಿಸಬೇಕು. ಜೊತೆಯಾಗಿ ಸರಿಸಿದರೆ ಬ್ಲೇಡೇ ಟೇಬಲನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಕನ್ನಡಕ ಕಡ್ಡಾಯ, ಕೈಗವಸು ಬೇಡ.

ಎರಡನೆಯ ಬ್ಲೇಡು ಮುರಿದದ್ದು ಸೀಳು ಆರ್‌ಪಾರ್ ಆಗುವುದಕ್ಕೆ ಎರಡೇ ಮಿ.ಮೀ. ಬಾಕಿ ಇದ್ದಾಗ. ವೈಸಿನ ದವಡೆಗಳು ಕಾಲರನ್ನು ಸೀಳಿನ ಎರಡೂ ಬದಿಯಿಂದ ಒತ್ತುತ್ತಿದ್ದವು. ಉಕ್ಕು ತೆಳುವಾಗುತ್ತ ಬಂದಂತೆ ಸೀಳು ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿತು. ಈಗ ದವಡೆಗಳ ಒತ್ತಡ ಸೀಳಿಗೆ ಅಡ್ಡವಾಗಿ ಬೀಳದಂತೆ ಕಾಲರನ್ನು ತಿರುಗಿಸಿ ಹಿಡಿಯುತ್ತೇನೆ. ಹಾಗೆ ಹಿಡಿಯಲಾಗದಿದ್ದರೆ ಕೊನೆಯ ಭಾಗಕ್ಕೆ ಬಂದಾಗ ಯಂತ್ರವನ್ನು ನಿಲ್ಲಿಸಿ, ಬ್ಲೇಡು ದಾಟಿ ಬಂದ ಜಾಗದಲ್ಲಿ ಸೀಳಿನಷ್ಟೇ ದಪ್ಪದ ಒಂದು ಶಿಮ್ (ತೆಳು ತಗಡಿನ) ಚೂರನ್ನು ತುರುಕಿ ಮುಂದುವರಿಯುತ್ತೇನೆ.