ಗಿಗಾಹರ್ಟ್ಸ್ ಭಕ್ತರಿಗೆ ಒಂದು ಒಗ್ಗರಣೆ

ಡೆಸ್ಕ್‌ಟಾಪ್ ಕೊಳ್ಳಲು ಹೊರಟವರು ಇವತ್ತಿಗೂ ಮೊದಲು ಕೇಳುವುದು ‘ಎಷ್ಟು ಗಿಗಾಹರ್ಟ್ಸ್?’ ಎಂದೇ, ಅಂದರೆ ಪ್ರೊಸೆಸರ್‌ನ ಮಿಡಿತ ಎಷ್ಟು ವೇಗ ಎಂದು. ಈ ಭಕ್ತಿ 2000ದ ನವೆಂಬರ್‌ನಲ್ಲೇ ಇಳಿಯಬೇಕಿತ್ತು. ಆಗ ಇಂಟೆಲ್‌ನ 1.5 ಗಿಗಾಹರ್ಟ್ಸ್‌ನ ಪೆಂಟಿಯಂ 4 ಪ್ರೊಸೆಸರ್ ಬಂತು, ಕೆಲವು ಕೆಲಸಗಳಲ್ಲಿ 1 ಗಿಗಾಹರ್ಟ್ಸ್‌ನ ಪೆಂಟಿಯಂ 3 ಎದುರು ಸೋತಿತು. ಭಕ್ತರು ಮಾತ್ರ ಕದಲಲಿಲ್ಲ.

ಅಂಥವರ ಮುಂದಿಡಲು ನನಗೆ ಪ್ರಿಯವಾದ ಪ್ರೊಸೆಸರ್ ಜೋಡಿ ಎಎಂಡಿಯ ರೈಜನ್ 7 5800ಎಕ್ಸ್ ಮತ್ತು 5800ಎಕ್ಸ್3ಡಿ. ಮೊದಲನೆಯದು 2020ರ ನವೆಂಬರ್‌ನದು, ಎರಡನೆಯದು 2022ರ ಏಪ್ರಿಲ್‌ನದು. ಅದೇ ಝೆನ್ 3 ವಿನ್ಯಾಸ, ಲೆಕ್ಕ ಮಾಡುವ ಅವೇ ಎಂಟು ಕೋರ್‌ಗಳು. ಹಳೆಯದರ ಗರಿಷ್ಠ ವೇಗ 4.7 ಗಿಗಾಹರ್ಟ್ಸ್, ಹೊಸದರದು 4.5. ಹೌದು, ಹೊಸದೇ ಕಡಿಮೆ. ಆದರೂ ಬಹಳಷ್ಟು ಗೇಮ್‌ಗಳಲ್ಲಿ ಅದು ಅಣ್ಣನನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಗುಟ್ಟಿರುವುದು ಎಲ್3 ಕ್ಯಾಶ್‌ನಲ್ಲಿ, ಅಂದರೆ ಬೇಕಾದ ದತ್ತಾಂಶವನ್ನು ಪ್ರೊಸೆಸರ್ ತನ್ನ ಬಳಿಯೇ ಇಟ್ಟುಕೊಳ್ಳುವ ಪುಟ್ಟ ಉಗ್ರಾಣದಲ್ಲಿ: ಅಣ್ಣನಿಗೆ 32 ಮೆಗಾಬೈಟ್, ತಮ್ಮನಿಗೆ 96.

4.5 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 450 ಕೋಟಿ ಮಿಡಿತ. ಒಂದು ಮಿಡಿತದಲ್ಲಿ ಬೆಳಕು ಕೂಡ ಏಳು ಸೆಂಟಿಮೀಟರ್ ದಾಟುವುದಿಲ್ಲ. ಬೇಕಾದ ದತ್ತಾಂಶ ಎಲ್3ಯಲ್ಲಿದ್ದರೆ ಸುಮಾರು ಐವತ್ತು ಮಿಡಿತಗಳಲ್ಲಿ ಕೈಸೇರುತ್ತದೆ. ಅಲ್ಲಿಲ್ಲದೆ ಪ್ರೊಸೆಸರ್‌ನ ಹೊರಗಿರುವ ಮುಖ್ಯ ಸ್ಮೃತಿಯಾದ ರ‍್ಯಾಮ್‌ಗೆ ಹೋಗಬೇಕಾದರೆ ಮುನ್ನೂರರ ಆಸುಪಾಸು. ಒಲೆಯ ಮೇಲೆ ಎಣ್ಣೆ ಕಾದಿದೆ, ಸಾಸಿವೆ ಮಾತ್ರ ಬೀದಿ ಕೊನೆಯ ಅಂಗಡಿಯಲ್ಲಿದೆ. ಉರಿ ಹೆಚ್ಚಿಸಿದರೆ ಒಗ್ಗರಣೆ ಬೇಗ ಆದೀತೇ?

ಕಾಯುವ ಹೊತ್ತಿನಲ್ಲಿ ಪ್ರೊಸೆಸರ್ ಸುಮ್ಮನೆ ಕೂರುವುದಿಲ್ಲ, ಸರದಿ ತಪ್ಪಿಸಿ ಮುಂದಿನ ಆದೇಶಗಳನ್ನು ಎತ್ತಿಕೊಳ್ಳುತ್ತದೆ, ನಿಜ. ಆದರೆ ಗೇಮ್‌ನಲ್ಲಿ ಒಂದು ಪಾತ್ರದ ವಿವರ ತೆರೆದರೆ ಅದರೊಳಗೆ ಆಯುಧದ ವಿಳಾಸ, ಆಯುಧವನ್ನು ತೆರೆದರೆ ಅದರೊಳಗೆ ಇನ್ನೊಂದರ ವಿಳಾಸ. ಮೊದಲನೆಯದು ಬರುವವರೆಗೆ ಎರಡನೆಯದು ಎಲ್ಲಿದೆಯೆಂದೇ ತಿಳಿಯದು. ಇಲ್ಲಿ ಯಾವ ಜಾಣತನವೂ ನಡೆಯದು, ಬೇಕಾದದ್ದು ಹತ್ತಿರದಲ್ಲೇ ಇರಬೇಕು.

ಈ ಉಪಾಯ ಹೊಸದೇನಲ್ಲ. ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ 1965ರಲ್ಲೇ ಇದನ್ನು ಬರೆದಿಟ್ಟಿದ್ದರು. 1968ರಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಂ/360 ಮಾಡೆಲ್ 85ರಲ್ಲಿ ಕ್ಯಾಶ್ ಮಾರುಕಟ್ಟೆಗೂ ಬಂತು, ಬರೀ 16 ಕಿಲೋಬೈಟ್‌ನಿಂದ! ಎಎಂಡಿ ಮಾಡಿದ್ದು ಮಹಡಿ ಕಟ್ಟುವ ಕೆಲಸ: ಇದ್ದ ಕ್ಯಾಶ್‌ನ ನೆತ್ತಿಯ ಮೇಲೆ 64 ಮೆಗಾಬೈಟ್‌ನ ಇನ್ನೊಂದು ಚಿಪ್ಪನ್ನಿಟ್ಟು, ಬೆಸುಗೆಯಿಲ್ಲದೆ ತಾಮ್ರಕ್ಕೆ ತಾಮ್ರವನ್ನೇ ಬೆಸೆದರು. ಮಹಡಿಯಿಂದಾಗಿ ಕೆಳಗಿನ ಶಾಖ ಹೊರಬರುವುದು ಕಷ್ಟ, ವೋಲ್ಟೇಜನ್ನೂ ಹಿಡಿತದಲ್ಲಿಡಬೇಕು. ವೇಗ ತಗ್ಗಿದ್ದು ಅದಕ್ಕೇ.

ಹಾಗಾಗಿ ಸಿನಿಬೆಂಚ್‌ನಂಥ ರೆಂಡರಿಂಗ್ ಪರೀಕ್ಷೆಯಲ್ಲಿ ಅಣ್ಣನೇ ಗೆಲ್ಲುತ್ತಾನೆ. ಅಲ್ಲಿ ಚಿತ್ರವನ್ನು ತುಂಡುತುಂಡಾಗಿ ಬಿಡಿಸುವುದರಿಂದ ಬೇಕಾದದ್ದು ಬಹುಪಾಲು ಚಿಕ್ಕ ಕ್ಯಾಶ್‌ನಲ್ಲೇ ಹಿಡಿಸುತ್ತದೆ, ಉಳಿದದ್ದು ಬರೀ ಮಿಡಿತಗಳ ಪೈಪೋಟಿ. ಗೇಮ್, ರೆಂಡರಿಂಗ್ ಎರಡಕ್ಕೂ ಸರಾಸರಿ ತೆಗೆದು ‘ಒಟ್ಟು ಅಂಕ’ ಕೊಡುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಯಾವ ಗೇಮ್, ಯಾವ ರೆಸಲ್ಯೂಶನ್ ಎಂದು ಕೇಳಿ. 4ಕೆಯಂಥ ಹೆಚ್ಚು ಚುಕ್ಕೆಗಳ ರೆಸಲ್ಯೂಶನ್‌ನಲ್ಲಿ ಆಡಿದರೆ ಸಾಮಾನ್ಯವಾಗಿ ಮೊದಲು ಏದುಸಿರು ಬಿಡುವುದು ಗ್ರಾಫಿಕ್ಸ್ ಕಾರ್ಡ್, ಆಗ ಅಣ್ಣ ತಮ್ಮ ಇಬ್ಬರ ಫ್ರೇಮ್‌ಗಳ ಲೆಕ್ಕವೂ ಹೆಚ್ಚುಕಡಿಮೆ ಒಂದೇ.