ಪ್ರೋಟಾನ್, ನ್ಯೂಟ್ರಾನ್ ತೂಕ ಕೂಡಿಸಿದರೆ ಸಾಲದಾ?

ಪ್ರಶ್ನೆ: "ಪ್ರೋಟಾನ್ ತೂಕ ಗೊತ್ತೈತಿ, ನ್ಯೂಟ್ರಾನ್ ತೂಕ ಗೊತ್ತೈತಿ. ಎಣಿಸಿ ಕೂಡಿಸಿದ್ರ ನ್ಯೂಕ್ಲಿಯಸ್ ತೂಕ ಬಂತಲ್ರೀ ಸರ್? ಇದಕ್ಕ ಸಿದ್ಧಾಂತ, ಎಐ ಎಲ್ಲಾ ಯಾಕ ಬೇಕು?"
- ಬಿ.ಎಸ್ಸಿ. ವಿದ್ಯಾರ್ಥಿನಿ, ವಿದ್ಯಾಗಿರಿ, ಬಾಗಲಕೋಟೆ

ಕೂಡಿಸಿಯೇ ನೋಡೋಣ. ಎರಡು ಹೈಡ್ರೋಜನ್ ಪರಮಾಣು, ಎರಡು ನ್ಯೂಟ್ರಾನ್ ಸೇರಿಸಿದರೆ 4.0330 ಪರಮಾಣು ಮಾನ ಬರುತ್ತದೆ. ಹೀಲಿಯಂ-4 ಅಳೆದರೆ ಸಿಗುವುದು 4.0026. ಮುಕ್ಕಾಲು ಶೇಕಡದಷ್ಟು ಕಾಣೆ! ಅದು 28.3 ಮೆಗಾ ಎಲೆಕ್ಟ್ರಾನ್ ವೋಲ್ಟ್ (ಎಂಇವಿ) ಶಕ್ತಿಯಾಗಿ ಹೊರಗೆ ಹೋಗಿದೆ. ಅದೇ ಬಂಧನ ಶಕ್ತಿ. ಗೊತ್ತಿಲ್ಲದ ನ್ಯೂಕ್ಲಿಯಸ್ಸಿನ ದ್ರವ್ಯರಾಶಿ ಹೇಳಬೇಕು ಅಂದರೆ ಈ ಬಂಧನ ಶಕ್ತಿಯನ್ನು ಹೇಳಬೇಕು. ನೂರಾರು ಕಣಗಳು ಒಂದನ್ನೊಂದು ಎಳೆದಾಡುವ ಆ ಗುಂಪಿನ ಲೆಕ್ಕ ಇವತ್ತಿಗೂ ಪೂರ್ತಿ ಬಿಡಿಸಲು ಆಗಿಲ್ಲ.

1935ರಲ್ಲಿ ಜರ್ಮನ್ ಭೌತವಿಜ್ಞಾನಿ ವೈಟ್ಸೆಕರ್ ನ್ಯೂಕ್ಲಿಯಸ್ಸನ್ನು ದ್ರವದ ಹನಿ ಅಂತ ಭಾವಿಸಿ ಬಂಧನ ಶಕ್ತಿಗೆ ಸೂತ್ರ ಬರೆದರು. ನಿಮ್ಮ ಪಠ್ಯದಲ್ಲಿ ಇದ್ದೇ ಇರುತ್ತದೆ: ಗಾತ್ರ, ಮೇಲ್ಮೈ, ಕೂಲಂಬ್, ಅಸಮತೆ, ಜೋಡಿ ಪದಗಳು. ಸ್ಥಿರಾಂಕಗಳಿಗೆ ಕ್ರಮವಾಗಿ 15.75, 17.8, 0.711, 23.7, 11.18 ಹಾಕಿ ತವರ-132ಕ್ಕೆ ಲೆಕ್ಕ ಮಾಡಿ. ಸುಮಾರು 1,092 ಎಂಇವಿ ಬರುತ್ತದೆ. ಅಳತೆಯಲ್ಲಿ ಸಿಕ್ಕಿದ್ದು ಸುಮಾರು 1,103. ತವರ-132ರಲ್ಲಿ 50 ಪ್ರೋಟಾನ್, 82 ನ್ಯೂಟ್ರಾನ್, ಎರಡೂ ಮಾಯಾ ಸಂಖ್ಯೆಗಳು, ಅಂದರೆ ಕವಚ ಪೂರ್ತಿ ತುಂಬಿ ನ್ಯೂಕ್ಲಿಯಸ್ ಹೆಚ್ಚು ಗಟ್ಟಿಯಾಗುವ ಸಂಖ್ಯೆಗಳು. ಕಣಗಳು ಕವಚ ಕವಚವಾಗಿ ತುಂಬಿಕೊಳ್ಳುತ್ತವೆ ಅನ್ನುವುದು ಹನಿಗೆ ಗೊತ್ತೇ ಇಲ್ಲ.

ಒಂದು ಶೇಕಡ ತಪ್ಪು ಅಷ್ಟೇ ತಾನೇ ಅನ್ನಬಹುದು. ಆದರೆ ಕೆಲಸಕ್ಕೆ ಬರುವುದು ಪೂರ್ತಿ ಮೊತ್ತವಲ್ಲ, ಪಕ್ಕಪಕ್ಕದ ಎರಡು ನ್ಯೂಕ್ಲಿಯಸ್‌ಗಳ ನಡುವಿನ ವ್ಯತ್ಯಾಸ. ಚಿನ್ನದಂಥ ಭಾರ ಧಾತುಗಳು ಹುಟ್ಟುವ ಕಡೆ, ಉದಾಹರಣೆಗೆ 2017ರಲ್ಲಿ ಕಂಡ ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯಲ್ಲಿ, ನ್ಯೂಕ್ಲಿಯಸ್ಸುಗಳು ದಬದಬನೆ ನ್ಯೂಟ್ರಾನ್ ನುಂಗುತ್ತವೆ. ಅಲ್ಲಿ ಕೊನೆಯ ನ್ಯೂಟ್ರಾನ್ ಹಿಡಿದಿರುವ ಶಕ್ತಿಯೇ ಎರಡು, ಮೂರು ಎಂಇವಿ. ಅರ್ಧ ಎಂಇವಿ ತಪ್ಪಿದರೂ ಯಾವ ಧಾತು ಎಷ್ಟು ಹುಟ್ಟಿತು ಅನ್ನುವ ಲೆಕ್ಕ ದಾರಿ ತಪ್ಪುತ್ತದೆ.

ಅಳೆದೇ ಬಿಡೋಣ ಅಂದರೆ ಅಂಥ ನ್ಯೂಕ್ಲಿಯಸ್ಸುಗಳು ಕ್ಷಣಮಾತ್ರ ಬದುಕುತ್ತವೆ. ಇರಬಹುದಾದ ಸುಮಾರು 7,000 ನ್ಯೂಕ್ಲಿಯಸ್ಸುಗಳಲ್ಲಿ ದ್ರವ್ಯರಾಶಿ ಅಳೆದಿರುವುದು ಸುಮಾರು 2,500ಕ್ಕೆ ಮಾತ್ರ.

ಹಾಗಾಗಿ ಸೂತ್ರಕ್ಕೆ ಕವಚದ ತಿದ್ದುಪಡಿ, ನ್ಯೂಕ್ಲಿಯಸ್ಸಿನ ಸೊಟ್ಟ ಆಕಾರದ ತಿದ್ದುಪಡಿ ಸೇರಿಸುತ್ತಾ ಬಂದರು. ಇಂಥ ಒಳ್ಳೆಯ ಮಾದರಿಗಳ ಸರಾಸರಿ ತಪ್ಪು ಈಗ 0.3ರಿಂದ 0.6 ಎಂಇವಿ. ಎಐ ಬರುವುದು ಇದರ ಮೇಲೆ. ಅದು ಸಾಮಾನ್ಯವಾಗಿ ದ್ರವ್ಯರಾಶಿಯನ್ನು ಮೊದಲಿನಿಂದ ಕಲಿಯುವುದಿಲ್ಲ. ಭೌತಶಾಸ್ತ್ರದ ಮಾದರಿ ಎಲ್ಲೆಲ್ಲಿ ಎಷ್ಟೆಷ್ಟು ತಪ್ಪಿತು ಅನ್ನುವುದನ್ನಷ್ಟೇ ಕಲಿತು ತಿದ್ದುತ್ತದೆ. ಆಗ ತಪ್ಪು 0.2ಕ್ಕಿಂತ ಕೆಳಗೆ ಇಳಿದದ್ದೂ ಇದೆ.

ಈ ಅಂಕಿ ನೋಡಿ ಹಿಗ್ಗುವ ಮುಂಚೆ ನಾನು ಒಂದನ್ನು ಕೇಳುತ್ತೇನೆ: ತಪ್ಪು ಅಳೆದದ್ದು ಎಲ್ಲಿ? ಇಂಡಿ ಕಡೆ ನಿಂಬೆ ತೋಟದವರು ಬೋರ್ ಹಾಕಿಸುವ ಮುಂಚೆ ಸುತ್ತಲಿನ ಹೊಲಗಳಲ್ಲಿ ಎಷ್ಟು ಅಡಿಗೆ ನೀರು ಬಿತ್ತು ಅಂತ ವಿಚಾರಿಸುತ್ತಾರೆ. ನಾಲ್ಕೂ ಕಡೆ ಬೋರ್ ಇದ್ದರೆ ಅಂದಾಜು ಪರವಾಗಿಲ್ಲ. ಬೋರೇ ಇಲ್ಲದ ಗುಡ್ಡದ ಆಚೆಗೆ ಅದೇ ಅಂದಾಜು ನಡೆಯುತ್ತದಾ? 1966ರ ಗಾರ್ವಿ-ಕೆಲ್ಸನ್ ಸಂಬಂಧಗಳು ಅನ್ನುವ ಸೂತ್ರಗಳಿಗೂ ಇದೇ ಪಾಡು. ಐದು ನೆರೆಯವರ ದ್ರವ್ಯರಾಶಿ ಕೊಟ್ಟರೆ ಆರನೆಯದನ್ನು ಚೆನ್ನಾಗಿ ಹೇಳುತ್ತವೆ. ಊಹಿಸಿದ್ದರ ಮೇಲೆ ಊಹೆ ಪೇರಿಸುತ್ತಾ ಹೋದರೆ ತಪ್ಪೂ ಬೆಳೆಯುತ್ತದೆ. ದೊಡ್ಡ ಮಾದರಿಗಳೂ ಗೊತ್ತಿರುವ ಕಡೆ ಒಂದೇ ಮಾತು ಹೇಳಿ, ದೂರ ಹೋದಂತೆ ಒಂದಕ್ಕೊಂದು ಹಲವು ಎಂಇವಿ ಬೇರೆ ಹೇಳುತ್ತವೆ.

ಹಾಗಾಗಿ ನಂಬುವಂಥ ಪರೀಕ್ಷೆ ಅಂದರೆ ಅಳೆದ ದ್ರವ್ಯರಾಶಿಗಳ ಹಳೆಯ ಪಟ್ಟಿಯಿಂದ ಕಲಿಸಿ, ಆಮೇಲೆ ಅಳೆದ ನ್ಯೂಕ್ಲಿಯಸ್ಸುಗಳ ಮೇಲೆ ನೋಡುವುದು. 2003ರ ಪಟ್ಟಿ ಕೊಟ್ಟು ಮಾದರಿ ಕಟ್ಟಿ, 2020ರ ಪಟ್ಟಿಯಲ್ಲಿ ಹೊಸದಾಗಿ ಸೇರಿದವುಗಳ ಮೇಲೆ ಓಡಿಸುವುದು. ಜೊತೆಗೆ "ಇಷ್ಟು ಹೆಚ್ಚುಕಡಿಮೆ ಆಗಬಹುದು" ಅಂತಲೂ ಹೇಳುವ ಮಾದರಿ ಬೇಕು. ಸುಮ್ನೆ ಒಂದೇ ಅಂಕಿ ಕೊಟ್ಟು ಕೂರುವ ಮಾದರಿ ನನಗಂತೂ ಜಾಸ್ತಿ ಉಪಯೋಗ ಅನ್ನಿಸುವುದಿಲ್ಲ.

ನಿಮ್ಮ ಪ್ರಾಜೆಕ್ಟಿಗೆ ಬೇಕಾದರೆ: ಪರಮಾಣು ದ್ರವ್ಯರಾಶಿ ಪಟ್ಟಿ ಉಚಿತವಾಗಿ ಸಿಗುತ್ತದೆ. ಮೇಲಿನ ಸೂತ್ರವನ್ನು ಎಕ್ಸೆಲ್‌ನಲ್ಲಿ ಹಾಕಿ, ತವರ-120ರಿಂದ 134ರವರೆಗೆ ಅಳತೆಯಿಂದ ಲೆಕ್ಕ ಕಳೆಯಿರಿ. 120ರಲ್ಲಿ ಮೈನಸ್ ಇರುವ ವ್ಯತ್ಯಾಸ 132ರ ಹೊತ್ತಿಗೆ ಪ್ಲಸ್ 10ಕ್ಕೆ ಏರಿ, 134ರಲ್ಲಿ ಮತ್ತೆ ಇಳಿಯುವುದು ಗ್ರಾಫಿನಲ್ಲಿ ಕಾಣುತ್ತದೆ.