ನಾಣ್ಯದ ಮೇಲೆ ಬೆರಳಿಟ್ಟ ಮಕ್ಕಳು, ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದ ಹಿರಿಯರು

ದೀಪ ಆರಿಸಿ, ಡ್ರಾಯಿಂಗ್ ಶೀಟಿನ ಮೇಲೆ ಇಂಗ್ಲಿಷ್ ಅಕ್ಷರಮಾಲೆ ಬರೆದು, ನಡುವೆ ನಾಣ್ಯವೊಂದನ್ನಿಟ್ಟು ‘ಆತ್ಮ ಕರೆಯುವ’ ಆಟ ಕರ್ನಾಟಕದ ಹದಿಹರೆಯದವರಿಗೆ ಹೊಸದಲ್ಲ. ಅಂಥದೊಂದು ಹಾಳೆ ಮಕ್ಕಳ ಹಾಸಿಗೆಯಡಿ ಸಿಕ್ಕಾಗ ಹೆತ್ತವರು ಆಡುವ ಮಾತುಗಳೂ ಹೊಸವಲ್ಲ. ಮಗುವಿಗೆ ಗಾಳಿ ಸೋಕಿದೆ ಎಂದು ಒಬ್ಬರು ಹೆದರಿದರೆ, ಓದು ಹಾಳಾಯಿತೆಂದು ಇನ್ನೊಬ್ಬರು ಸಿಡುಕುತ್ತಾರೆ, ಮಕ್ಕಳಾಟ ಬಿಡಿ ಎಂದು ಮತ್ತೊಬ್ಬರು ನಗುತ್ತಾರೆ. ಮೂರೂ ಮಾತು ಒಂದೇ ಮನೆಯಲ್ಲಿ, ಒಂದೇ ಸಂಜೆ ಕೇಳಿಬರುವುದೂ ಉಂಟು. ಈ ಗೊಂದಲದ ಬುಡ ಸಿಗಬೇಕಾದರೆ, ಹಿರಿಯರೇ ಮಕ್ಕಳನ್ನು ಕೂರಿಸಿಕೊಂಡು ಕಾಣದ ಲೋಕವನ್ನು ವಿಚಾರಿಸುತ್ತಿದ್ದ ಕಾಲಕ್ಕೆ ಹೋಗಬೇಕು.

ನಮ್ಮ ಹಳ್ಳಿಗಳಲ್ಲಿ ಒಡವೆ ಕಳವಾದಾಗ, ದನ ತಪ್ಪಿಸಿಕೊಂಡಾಗ ಅಂಜನ ಹಾಕಿಸುತ್ತಿದ್ದರು. ಅಂಜನ ಹಾಕುವವನಿಗೆ ಬೇಕಾಗುತ್ತಿದ್ದುದು ಒಂದು ಮಗು. ಅದರ ಹೆಬ್ಬೆರಳ ಉಗುರಿಗೋ ಅಂಗೈಗೋ ಕಪ್ಪು ಹಚ್ಚಿ, ದೀಪದ ಬೆಳಕಿನಲ್ಲಿ ರೆಪ್ಪೆ ಮಿಟುಕಿಸದೆ ನೋಡಿಸಿ, ಆಂಜನೇಯ ಕಾಣಿಸಿದನೇ, ಕಳ್ಳನ ಮುಖ ಕಾಣಿಸಿತೇ ಎಂದು ಮೇಲಿಂದ ಮೇಲೆ ಕೇಳುತ್ತಿದ್ದರು. ಸುತ್ತ ನೆರೆದವರಲ್ಲಿ ಮಗುವಿನ ಅಪ್ಪ ಅಮ್ಮನೂ ಇರುತ್ತಿದ್ದರು. ಹಿರಿಯರ ಕಣ್ಣೆದುರಿಗೆ, ಹಿರಿಯರ ಕೆಲಸಕ್ಕಾಗಿ ನಡೆಯುತ್ತಿದ್ದ ಕಾರಣ ಇದನ್ನು ಯಾರೂ ಅಡ್ಡದಾರಿ ಎನ್ನಲಿಲ್ಲ.

ಪಶ್ಚಿಮದಲ್ಲಿಯೂ ಆರಂಭ ಹೀಗೆಯೇ. 1848ರಲ್ಲಿ ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್ ಎಂಬ ಹಳ್ಳಿಯಲ್ಲಿ ಫಾಕ್ಸ್ ಮನೆತನದ ಇಬ್ಬರು ಹುಡುಗಿಯರು, ಮನೆಯಲ್ಲಿ ಕೇಳಿಸುವ ಟಕಟಕ ಸದ್ದು ಸತ್ತವನೊಬ್ಬನ ಉತ್ತರವೆಂದು ನಂಬಿಸಿದರು. ಹಿರಿಯರು ಅವರನ್ನು ಗದರಿಸಿ ಮಲಗಿಸಲಿಲ್ಲ, ವೇದಿಕೆಗೆ ಹತ್ತಿಸಿದರು. ಅದು ಕಾಲ್ಬೆರಳಿನ ಗಂಟಿನಿಂದ ಹೊರಡಿಸುತ್ತಿದ್ದ ಸದ್ದೆಂದು ಅವರಲ್ಲೊಬ್ಬಾಕೆ 1888ರಲ್ಲಿ ಸಭೆಯ ಮುಂದೆಯೇ ತೋರಿಸಿಕೊಟ್ಟಳು. ಮರುವರ್ಷ ಆ ಮಾತನ್ನು ಹಿಂತೆಗೆದುಕೊಂಡಳು. ಅಷ್ಟರಲ್ಲಿ ಆತ್ಮಗಳೊಡನೆ ಮಾತಾಡುವುದು ಅಲ್ಲಿ ದೊಡ್ಡ ಪಂಥವಾಗಿತ್ತು. ಅಕ್ಷರ, ಅಂಕಿಗಳನ್ನು ಅಚ್ಚುಹಾಕಿ ಆತ್ಮದ ಉತ್ತರ ಓದಲೆಂದು ಮಾಡಿದ, 1891ರಲ್ಲಿ ಪೇಟೆಂಟ್ ಪಡೆದ ಓಯಿಜಾ ಬೋರ್ಡು ಮನೆಮಂದಿಯೆಲ್ಲ ಕೂತು ಆಡುವ ಆಟವಾಗಿ ಮಾರಾಟವಾಯಿತು, 1967ರಲ್ಲಂತೂ ಅಮೆರಿಕದಲ್ಲಿ ಮಾರಾಟದಲ್ಲಿ ಮೊನಾಪಲಿ ಆಟವನ್ನೇ ಹಿಂದಿಕ್ಕಿತು. 1973ರಲ್ಲಿ ತೆರೆಕಂಡ ಹಾಲಿವುಡ್ ಚಿತ್ರವೊಂದು ಅದೇ ಬೋರ್ಡನ್ನು ಬಾಲಕಿಯೊಬ್ಬಳ ಮೈಗೆ ದೆವ್ವ ಹೊಗುವ ಬಾಗಿಲಾಗಿ ತೋರಿಸಿದ ಮೇಲೆ, ಕಪಾಟಿನಲ್ಲಿದ್ದ ಆಟಿಕೆ ಅಲ್ಲಿನ ಹೆತ್ತವರಿಗೆ ಅಪಾಯದ ವಸ್ತುವಾಗಿ ಕಾಣತೊಡಗಿತು.

ಭಾರತದಲ್ಲಿ ಪ್ಲಾಂಚೆಟ್, ಅಂದರೆ ಕೈಯಿಟ್ಟು ಆತ್ಮದಿಂದ ಉತ್ತರ ಬರೆಸುವ ಪುಟ್ಟ ಹಲಗೆ, ಮೊದಲು ಕಾಲಿಟ್ಟಿದ್ದು ವಿದ್ಯಾವಂತರ ಪಡಸಾಲೆಗಳಿಗೆ. ರವೀಂದ್ರನಾಥ ಠಾಕೂರರೇ 1929ರಲ್ಲಿ ಯುವತಿಯೊಬ್ಬಳನ್ನು ಮಾಧ್ಯಮವಾಗಿಸಿಕೊಂಡು ಅಗಲಿದ ಆಪ್ತರನ್ನು ಮಾತಾಡಿಸಲು ಕೂತಿದ್ದರು. ಕರ್ನಾಟಕದ ಮಟ್ಟಿಗೆ ಈ ಕಥೆಯಲ್ಲಿ 1976ನ್ನು ಬಿಡುವಂತಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯ ಆ ವರ್ಷ ಪವಾಡಗಳನ್ನು ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದರು. ಕೈಯಿಂದ ವಿಭೂತಿ ಉದುರಿಸುತ್ತಾನೆಂದು ಹೆಸರಾಗಿದ್ದ ಪುಟ್ಟ ಬಾಲಕನೊಬ್ಬನನ್ನು ನೋಡಲು ಸಮಿತಿ ಪಾಂಡವಪುರಕ್ಕೆ ಹೋದಾಗ, ವಿಭೂತಿ ಬರುತ್ತಿದ್ದುದು ಅವನು ತೊಟ್ಟಿದ್ದ ಬಟ್ಟೆಯೊಳಗಿಂದ ಎಂಬುದು ಬಯಲಾಯಿತು. ಆ ಬಟ್ಟೆಯನ್ನು ಮಗು ತಾನೇ ಅಣಿ ಮಾಡಿಕೊಂಡಿತ್ತೇ ಎಂಬ ಪ್ರಶ್ನೆಯನ್ನು ಮಾತ್ರ ಆಗಲೂ ಹೆಚ್ಚು ಜನ ಕೇಳಿದಂತಿಲ್ಲ.

ಮಕ್ಕಳು ಹಿರಿಯರ ಕಣ್ತಪ್ಪಿಸಿ ತಾವೇ ಕೂರತೊಡಗಿದ್ದನ್ನು ನಾನು ಹತ್ತಿರದಿಂದ ಕಂಡದ್ದು ತೊಂಬತ್ತರ ದಶಕದಲ್ಲಿ, ಜಿಲ್ಲಾ ಕೇಂದ್ರವೊಂದರ ಪಿಯು ಹಾಸ್ಟೆಲಿನಲ್ಲಿ. 1994ರಲ್ಲಿ ಸಿಇಟಿ ಬಂದು, ವೃತ್ತಿಶಿಕ್ಷಣದ ಸೀಟೆಲ್ಲ ರ‍್ಯಾಂಕಿನ ಮೇಲೆ ನಿಂತಿದ್ದ ಹೊತ್ತು ಅದು. ನಾವು ‘ವೀಜಾ ಬೋರ್ಡ್’ ಎನ್ನುತ್ತಿದ್ದ ಆ ಹಾಳೆಯ ಒಂದು ಮೂಲೆಯಲ್ಲಿ ‘ಎಸ್’, ಇನ್ನೊಂದು ಮೂಲೆಯಲ್ಲಿ ‘ನೋ’, ಕೆಳಗೆ ಸಾಲಾಗಿ ಅಂಕಿಗಳು ಇರುತ್ತಿದ್ದವು. ನಾಣ್ಯ ಸರಾಗವಾಗಿ ಜಾರಲೆಂದು ಕೇರಂ ಬೋರ್ಡಿನ ಪೌಡರು ಉದುರಿಸುತ್ತಿದ್ದೆವು. ಮೂವರ ತೋರುಬೆರಳು ನಾಣ್ಯಕ್ಕೆ ತಾಗಿಯೂ ತಾಗದಂತಿರಬೇಕು, ಬಂದ ಆತ್ಮವನ್ನು ‘ಹೋಗಿ ಬನ್ನಿ’ ಎಂದು ಕಳಿಸದೆ ಯಾರೂ ಬೆರಳು ತೆಗೆಯಕೂಡದು. ಕನ್ನಡವಷ್ಟೇ ಬಲ್ಲ ಅಜ್ಜಂದಿರ ಆತ್ಮಗಳೂ ನಮಗಾಗಿ ಇಂಗ್ಲಿಷಿನಲ್ಲಿ ಸ್ಪೆಲಿಂಗ್ ಹೇಳುತ್ತಿದ್ದವು, ಅದೂ ನಾವು ಮಾಡುವ ತಪ್ಪುಗಳ ಸಮೇತ.

ನಾಣ್ಯ ಚಲಿಸುತ್ತಿದ್ದುದು ಸುಳ್ಳಲ್ಲ, ಬೇಕೆಂದೇ ಯಾರೋ ತಳ್ಳುತ್ತಿದ್ದರು ಎನ್ನುವಂತೆಯೂ ಇರಲಿಲ್ಲ. ವಿಜ್ಞಾನ ಇದಕ್ಕೆ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ಕೈಯಿಟ್ಟರೆ ತಾನಾಗಿ ತಿರುಗುತ್ತದೆ ಎನ್ನಲಾಗಿದ್ದ ಮೇಜುಗಳನ್ನು 1853ರಲ್ಲಿ ಪರೀಕ್ಷಿಸಿದ ಮೈಕೆಲ್ ಫ್ಯಾರಡೆ, ಕೈಗೂ ಮೇಜಿಗೂ ನಡುವೆ ಉರುಳುವ ಪದರವೊಂದನ್ನಿಟ್ಟು, ಮೇಜಿಗಿಂತ ಮೊದಲು ಕೈಯೇ ಸರಿಯುತ್ತದೆಂದು ತೋರಿಸಿದರು. ನಿರೀಕ್ಷೆಯೊಂದು ಮನಸ್ಸಿನಲ್ಲಿ ಕೂತರೆ ಸ್ನಾಯುಗಳು ನಮ್ಮ ಅರಿವಿಲ್ಲದೆಯೇ ಅತ್ತ ವಾಲುತ್ತವೆ, ಮೂರು ಬೆರಳುಗಳಿದ್ದಾಗ ಪ್ರತಿಯೊಬ್ಬರಿಗೂ ತಳ್ಳಿದ್ದು ತಾವಲ್ಲ ಎಂದೇ ಅನಿಸುತ್ತದೆ. ಫಿಸಿಕ್ಸ್ ಪರೀಕ್ಷೆಗಾಗಿ ಫ್ಯಾರಡೆಯ ನಿಯಮಗಳನ್ನು ಬಾಯಿಪಾಠ ಮಾಡುತ್ತಿದ್ದ ನಮಗೆ ಈ ಪ್ರಯೋಗದ ಸುದ್ದಿಯನ್ನು ಯಾರೂ ಹೇಳಿರಲಿಲ್ಲ.

ಒಂದು ರಾತ್ರಿ ಹುಡುಗನೊಬ್ಬ ಬೆವೆತು ಕುಸಿದಾಗ ವಿಷಯ ವಾರ್ಡನ್ನರ ಕಿವಿಗೆ ಬಿತ್ತು, ಮರುದಿನ ಮೂವರ ಮನೆಯವರೂ ಬಂದರು. ಒಬ್ಬನ ತಾಯಿ ಮಂತ್ರಿಸಿದ ದಾರವನ್ನು ಕಟ್ಟಿಸಿಕೊಂಡೇ ತಂದಿದ್ದರು, ಇನ್ನೊಬ್ಬನ ತಂದೆ ಎಲ್ಲರೆದುರಿಗೆ ಮಗನ ಕೆನ್ನೆಗೆ ಬಾರಿಸಿದರು, ಮೂರನೆಯವನ ಅಣ್ಣ ‘ಇಷ್ಟಕ್ಕೆಲ್ಲ ಬಸ್ ಚಾರ್ಜು ದಂಡವಾಯಿತಲ್ಲ’ ಎಂದು ಗೊಣಗಿದರು. ಮುಟ್ಟುಗೋಲಾದ ಹಾಳೆ ವಾರ್ಡನ್ನರ ಮೇಜಿನ ಮೇಲೆಯೇ ಇತ್ತು. ಅದರ ಹಿಂಬದಿಯಲ್ಲಿ ಆತ್ಮಕ್ಕೆ ಕೇಳಬೇಕಾದ ಪ್ರಶ್ನೆಗಳನ್ನು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೆವು. ಫಿಸಿಕ್ಸಿನಲ್ಲಿ ಎಷ್ಟು ಬರುತ್ತದೆ, ಸೀಟು ಸಿಗದಿದ್ದರೆ ಅಪ್ಪ ಊರಿಗೆ ಕರೆದುಕೊಂಡು ಹೋಗುತ್ತಾರೆಯೇ, ಮನೆ ಮೇಲಿನ ಸಾಲ ತೀರುತ್ತದೆಯೇ, ಅಮ್ಮನ ಆಪರೇಷನ್ ಸರಿಹೋಗುತ್ತದೆಯೇ. ಹಾಳೆಯನ್ನು ಯಾರೂ ಮಗುಚಿ ನೋಡಲಿಲ್ಲ.

ಅದೇ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಲಿನ ಊರುಗಳಲ್ಲಿ, ರಾತ್ರಿ ಪರಿಚಿತರ ದನಿಯಲ್ಲಿ ಕರೆದು ಬಾಗಿಲು ತಟ್ಟುವ ದೆವ್ವದ ವದಂತಿ ಹಬ್ಬಿ, ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತ್ತು. ದೆವ್ವ ಅದನ್ನು ಓದಿ ಹಿಂತಿರುಗುತ್ತದೆ, ಮರುದಿನ ಬಂದರೆ ಮತ್ತೆ ‘ನಾಳೆ ಬಾ’ ಎಂದಿರುತ್ತದೆ. ಇದನ್ನು ಬರೆದವರು ಹದಿಹರೆಯದವರಲ್ಲ, ಮನೆಯ ಯಜಮಾನರು. ಹೊಸಿಲ ಹೊರಗಿನ ದೆವ್ವಕ್ಕೆ ಸೀಮೆಸುಣ್ಣದಲ್ಲಿ ಓಲೆ ಬರೆದು, ಒಳಗೆ ಬಂದು ಮಕ್ಕಳಿಗೆ ಮೂಢನಂಬಿಕೆಯ ಬಗ್ಗೆ ಬುದ್ಧಿ ಹೇಳುವುದು ಅಷ್ಟು ಸುಲಭವಿರಲಿಲ್ಲ. ಮೈಮೇಲೆ ಬರುವುದರ ಹಿಂದೆ ಮನಸ್ಸಿನ ಒತ್ತಡವಿರುತ್ತದೆಂದು ನಿಮ್ಹಾನ್ಸ್‌ನ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅಂಥವರು ಕನ್ನಡದಲ್ಲಿ ಸರಳವಾಗಿ ಬರೆಯುತ್ತಲೇ ಬಂದರು. ಆ ಬರಹಗಳನ್ನು ಓದಿದ ಮನೆಗಳಲ್ಲಿಯೂ ತಾಯತ ಮೊದಲು, ಡಾಕ್ಟರು ಆಮೇಲೆ ಎಂಬ ಕ್ರಮ ಬೇಗ ಬದಲಾಗಲಿಲ್ಲ.

2015ರ ಮೇ ತಿಂಗಳಲ್ಲಿ ಎರಡು ಪೆನ್ಸಿಲುಗಳನ್ನು ಅಡ್ಡಡ್ಡ ಇಟ್ಟು ‘ಚಾರ್ಲಿ, ಇದ್ದೀಯಾ’ ಎಂದು ಕೇಳುವ ಆಟ ಕೆಲವೇ ದಿನಗಳಲ್ಲಿ ಜಗತ್ತನ್ನೆಲ್ಲ ಸುತ್ತಿತು. ಇನ್ನೊಂದರ ಮೇಲೆ ತೂಗುವ ಪೆನ್ಸಿಲು ಉಸಿರು ತಗುಲಿದರೂ ತಿರುಗುತ್ತದೆ, ಅದರಲ್ಲಿ ಅದಕ್ಕಿಂತ ಹೆಚ್ಚಿನ ಗುಟ್ಟಿಲ್ಲ. ಈಗ ಆಟವೆಲ್ಲ ಫೋನಿನೊಳಗಿದೆ, ಹಾಸಿಗೆಯಡಿ ಹಾಳೆ ಸಿಗುವುದಿಲ್ಲ. ಮಗಳು ನೋಡುವ ದೆವ್ವದ ರೀಲ್ಸ್ ಬಗ್ಗೆ ಆತಂಕಪಡುವ ಮನೆಯಲ್ಲಿ, ಅಮಾವಾಸ್ಯೆಯಂದು ಯಾವ ರಾಶಿಗೆ ಏನು ಕಾದಿದೆ ಎಂಬ ಫಾರ್ವರ್ಡು ಕುಟುಂಬದ ಗ್ರೂಪಿಗೆ ಬೆಳಗಿನ ಕಾಫಿಗೂ ಮುಂಚೆ ಬಂದು ಬಿದ್ದಿರುತ್ತದೆ.

ವರ್ಷಗಳ ವಾಗ್ವಾದದ ಬಳಿಕ ಕರ್ನಾಟಕದ ವಿಧಾನಮಂಡಲ 2017ರಲ್ಲಿ ಅಂಗೀಕರಿಸಿದ, 2020ರ ಜನವರಿಯಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆಯ ಮಾತು ಈ ಚರ್ಚೆಯಲ್ಲಿ ಆಗಾಗ ಬರುತ್ತದೆ, ಮಕ್ಕಳ ಆಟಕ್ಕೂ ಅದರ ಹೆಸರು ಹೇಳಿ ಬೆದರಿಸುವವರಿದ್ದಾರೆ. ಕಾಯ್ದೆಯ ಕಣ್ಣು ಬೇರೆಡೆ ಇದೆ. ದೆವ್ವ ಬಿಡಿಸುವ ಹೆಸರಿನಲ್ಲಿ ಕಟ್ಟಿಹಾಕುವುದು, ಹೊಡೆಯುವುದು, ಆಸ್ಪತ್ರೆಗೆ ಹೋಗದಂತೆ ತಡೆಯುವುದು ಅದರಡಿ ಅಪರಾಧ. ಅಂದರೆ ನಾಣ್ಯದ ಮೇಲೆ ಬೆರಳಿಟ್ಟ ರಾತ್ರಿಗಿಂತ, ಮಗುವನ್ನು ‘ಸರಿಮಾಡಿಸಲು’ ಕರೆದೊಯ್ಯುವ ಮರುದಿನಕ್ಕೆ ಅದು ಹೆಚ್ಚು ಸಂಬಂಧಿಸಿದ್ದು.